ಹರಾಜು ಮುಗಿಯುವ ಮೊದಲೇ ಕೊಟ್ಟುಬಿಡಲೇ?

ಪ್ರಶ್ನೆ: ಅಜ್ಜನ ಹಳೆಯ ಕ್ಯಾಮೆರಾವನ್ನು ಏಳು ದಿನಗಳ ಆನ್‌ಲೈನ್ ಹರಾಜಿಗೆ ಇಟ್ಟಿದ್ದೇನೆ. ಇದು ಮೂರನೆಯ ದಿನ. ಇಬ್ಬರಷ್ಟೇ ಬಿಡ್ ಮಾಡಿದ್ದಾರೆ, ಮೊತ್ತವೂ ತೀರಾ ಕಡಿಮೆ. ಈಗಲೇ ಹರಾಜು ನಿಲ್ಲಿಸಿದರೆ ಅದರ ನಾಲ್ಕು ಪಟ್ಟು ಕೊಡುವುದಾಗಿ ಒಬ್ಬರು ಖಾಸಗಿಯಾಗಿ ಸಂದೇಶ ಕಳಿಸಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ. ನನ್ನ ತಂದೆಯವರ ಲೆನ್ಸ್ ಒಂದನ್ನು ನಾನು ಹೀಗೆಯೇ ಎರಡನೆಯ ದಿನ ಕೊಟ್ಟುಬಿಟ್ಟೆ. ಕೊಂಡವರು ಮೊದಲು ಕೇಳಿದ್ದು, "ಅಂಚಿನಲ್ಲಿರುವ ಸಂಖ್ಯೆಯ ಚಿತ್ರ ಕಳಿಸುತ್ತೀರಾ?" ಎಂದು. ಆ ಸಂಖ್ಯೆಯನ್ನು ನಾನು ಗಮನಿಸಿಯೇ ಇರಲಿಲ್ಲ. ಅದು ಬಹಳ ಕಡಿಮೆ ತಯಾರಾದ ಸರಣಿಯದು ಎಂದು ನನಗೆ ತಿಳಿದದ್ದು ಪಾರ್ಸೆಲ್ ಹೋದ ಮೇಲೆ. ಆ ನೋವು ಇನ್ನೂ ಹೋಗಿಲ್ಲ. ನಾಲ್ಕು ಪಟ್ಟು ಕೊಡಲು ಅವಸರಪಡುವವರಿಗೆ ನಿಮಗೆ ಗೊತ್ತಿಲ್ಲದ ಏನೋ ಗೊತ್ತಿರಬಹುದು.

ಮೂರನೆಯ ದಿನದ ಮೊತ್ತ ನೋಡಿ ಎದೆಗುಂದಬೇಡಿ. ಮುಕ್ತಾಯದ ಸಮಯ ನಿಗದಿಯಾಗಿರುವ ಹರಾಜಿನಲ್ಲಿ ಅನುಭವಿಗಳು ಕೊನೆಯ ನಿಮಿಷಗಳವರೆಗೆ ಕಾಯುತ್ತಾರೆ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈಬೇ ಎಂಬ ಆನ್‌ಲೈನ್ ತಾಣದ ಹರಾಜುಗಳು ಹೀಗೆಯೇ ಕಂಡವು. ಕೊನೆಯಲ್ಲಿ ಬಿಡ್ ಬಂದರೆ ಅವಧಿ ವಿಸ್ತರಣೆಯಾಗುತ್ತಿದ್ದ ಅಮೆಜಾನ್ ಹರಾಜಿನಲ್ಲಿ ಆ ನೂಕುನುಗ್ಗಲು ಬಹಳ ಕಡಿಮೆ ಇತ್ತು. ಅಲ್ಲದೆ ಹಲವು ತಾಣಗಳಲ್ಲಿ ಪರದೆಯ ಮೇಲೆ ಕಾಣುವುದು ಬಿಡ್‌ದಾರರು ಕೊಡಲು ಸಿದ್ಧವಿರುವ ಗರಿಷ್ಠ ಮೊತ್ತವಲ್ಲ. ಎರಡನೆಯವರನ್ನು ಹಿಂದಿಕ್ಕಲು ಬೇಕಾದಷ್ಟು ಮಾತ್ರ.

ನಿಮ್ಮ ಆ ಇಬ್ಬರು ಬಿಡ್‌ದಾರರನ್ನೂ ಮರೆಯಬೇಡಿ. ಅವರು ನಿಮ್ಮ ಮಾತನ್ನು ನಂಬಿ ಬಿಡ್ ಮಾಡಿದ್ದಾರೆ. ಜರ್ಮನಿಯಲ್ಲಿ ಒಬ್ಬರು ಹಳೆಯ ಕಾರನ್ನು ಈಬೇಯಲ್ಲಿ 1 ಯೂರೋದಿಂದ ಹರಾಜಿಗಿಟ್ಟು, ಹೊರಗೆ 4,200 ಯೂರೋ ಕೊಡುವವರು ಸಿಕ್ಕರೆಂದು ಕೆಲವೇ ಗಂಟೆಗಳಲ್ಲಿ ನಿಲ್ಲಿಸಿದರು. ಆಗ ಮುಂದಿದ್ದವರ ಬಿಡ್ ಬರೀ 1 ಯೂರೋ. ಆದರೂ ಒಪ್ಪಂದ ಆಗಿಹೋಗಿದೆ ಎಂದು 2014ರ ನವೆಂಬರ್‌ನಲ್ಲಿ ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿತು. ಕಾರಿನ ಬೆಲೆ 5,250 ಯೂರೋ, ಅದರಲ್ಲಿ ಬಿಡ್‌ನ 1 ಯೂರೋ ಕಳೆದು ಆ ಬಿಡ್‌ದಾರರಿಗೆ ಸಿಕ್ಕ ಪರಿಹಾರ 5,249. ಎಲ್ಲ ದೇಶಗಳ ಕಾನೂನೂ ಹೀಗಿರಬೇಕಿಲ್ಲ, ನಿಮ್ಮ ತಾಣದ ನಿಯಮ ಓದಿಕೊಳ್ಳಿ. ನಿಮಗೆ ಸಂದೇಶ ಕಳಿಸಿದವರು ತಾಣದ ಹೊರಗೆ ಹಣ ಕೊಡುವುದಾಗಿ ಹೇಳಿದ್ದರಂತೂ ಮುಂದೆ ತಕರಾರು ಬಂದಾಗ ತಾಣದ ರಕ್ಷಣೆ ನಿಮಗೆ ಸಿಗುವುದಿಲ್ಲ.

ವಸ್ತು ಒಡೆದಿದ್ದರೆ, ಕಳೆದಿದ್ದರೆ, ವಿವರಣೆಯಲ್ಲಿ ದೊಡ್ಡ ತಪ್ಪಾಗಿದ್ದರೆ ನಿಲ್ಲಿಸಲು ಕಾರಣವಿದೆ. ಹೆಚ್ಚಿನ ಬೆಲೆ ಅಂಥ ಕಾರಣವಲ್ಲ.

ಸಂದೇಶ ಕಳಿಸಿದವರಿಗೆ, "ನಿಮ್ಮ ಆಸಕ್ತಿಗೆ ಧನ್ಯವಾದ, ಹರಾಜಿನಲ್ಲೇ ಬಿಡ್ ಮಾಡಿ" ಎಂದು ವಿನಯದಿಂದ ಬರೆಯಿರಿ. ನಿಜವಾಗಿ ಬೇಕಿದ್ದರೆ ಅವರು ಕೊನೆಯ ದಿನ ಇದ್ದೇ ಇರುತ್ತಾರೆ. ಅಷ್ಟರೊಳಗೆ ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಳದಲ್ಲೂ ಲೆನ್ಸ್‌ನ ಸುತ್ತಲೂ ಕೊರೆದಿರುವ ಪ್ರತಿ ಅಕ್ಷರ, ಪ್ರತಿ ಸಂಖ್ಯೆಯ ಚಿತ್ರ ತೆಗೆದು ಎಲ್ಲರಿಗೂ ಕಾಣುವಂತೆ ಸೇರಿಸಿ.