ನೀರಿನ ಗಡಿಯಾರ ನೋಡಿ ಹೊರಡಿ

ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳಲ್ಲಿ ಮೋಟಾರ್ ಯಾಟ್ ಬಾಡಿಗೆಗೆ ಹಿಡಿದು, ತಾವೇ ನಡೆಸಿಕೊಂಡು ರಜೆ ಕಳೆಯುವ ಬಗ್ಗೆ ಸಿಯಾಟಲ್ ಕಡೆಯ ಕನ್ನಡಿಗರೂ ಅವರ ಮನೆಗೆ ಹೋಗಿಬರುವವರೂ ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಎರಡು ಕುಟುಂಬ ಸೇರಿ ಅನಾಕೋರ್ಟಿಸ್‌ನಿಂದ 40 ಅಡಿಯ ಟ್ರಾಲರ್ (ನಿಧಾನವಾಗಿ ಓಡುವ ವಿಹಾರದ ಮೋಟಾರ್ ಬೋಟು) ಒಂದು ವಾರಕ್ಕೆ ಹಿಡಿಯಬೇಕೆಂದಿದ್ದೇವೆ. ಲೈಸೆನ್ಸ್ ಬೇಕೆ? ಸರೋವರದಲ್ಲಿ ಸಣ್ಣ ಬೋಟು ಓಡಿಸಿದ್ದು ಸಾಕಾಗುತ್ತದೆಯೆ? (ರೆಡ್ಮಂಡ್)

ಸ್ವಂತ ವಿಹಾರಕ್ಕೆ ಕ್ಯಾಪ್ಟನ್ ಲೈಸೆನ್ಸ್ ಬೇಡ. 15 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಬೋಟು ನಡೆಸುವವರು 1955ರ ಜನವರಿ 1ರ ನಂತರ ಹುಟ್ಟಿದವರಾದರೆ ರಾಜ್ಯದ ಬೋಟರ್ ಎಜುಕೇಶನ್ ಕಾರ್ಡ್ ಇರಬೇಕು. ಅದು ಕಾನೂನಿನ ಮಾತು. ಬಾಡಿಗೆ ಕೊಡುವವರು ಕೇಳುವುದು ನಿಮ್ಮ ಅನುಭವವನ್ನು. ಸರೋವರದ ಅನುಭವ ಸಾಲದು. ಮೊದಲ ಒಂದೆರಡು ದಿನಕ್ಕೆ ಕಲಿಸುವ ಕ್ಯಾಪ್ಟನ್ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಆ ಹೊತ್ತನ್ನು ದ್ವೀಪ ಸುತ್ತುವುದಕ್ಕೆ ಕಳೆಯಬೇಡಿ, ದಕ್ಕೆಗೆ ಬರುವುದು, ದಕ್ಕೆಯಿಂದ ಬಿಡುವುದು, ಇದನ್ನೇ ಹತ್ತು ಸಲ ಮಾಡಿಸಿಕೊಳ್ಳಿ. ಇಷ್ಟು ಭಾರದ ಬೋಟಿಗೆ ಬ್ರೇಕ್ ಇಲ್ಲ, ನ್ಯೂಟ್ರಲ್‌ಗೆ ಹಾಕಿದ ಮೇಲೂ ಅದು ಸಾಗುತ್ತಲೇ ಇರುತ್ತದೆ.

ಮೊದಲು ಕಟ್ಟಬೇಕಾದ್ದು ಬೋಟಿನ ನಡುವಿನ ಹಗ್ಗ. ಅದನ್ನು ದಕ್ಕೆಯಲ್ಲಿ ತುಸು ಹಿಂದಿರುವ ಗೂಟಕ್ಕೆ ಸುತ್ತಿ, ಸ್ಟಿಯರಿಂಗನ್ನು ದಕ್ಕೆಯಿಂದ ಆಚೆಗೆ ತಿರುಗಿಸಿ, ಐಡಲ್‌ನಲ್ಲೇ ಮುಂದಿನ ಗೇರ್ ಹಾಕಿದರೆ ಬೋಟು ತಾನಾಗಿಯೇ ದಕ್ಕೆಗೆ ಒತ್ತಿಕೊಂಡು ನಿಲ್ಲುತ್ತದೆ. ಉಳಿದ ಹಗ್ಗಗಳನ್ನು ಆಮೇಲೆ ನಿಧಾನವಾಗಿ ಕಟ್ಟಿಕೊಳ್ಳಬಹುದು. ಬೋಟಿನ ಮೂತಿಯನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರಿನ ಗುಂಡಿಯನ್ನು ಎರಡು ಮೂರು ಸೆಕೆಂಡಿನಷ್ಟೇ ಒತ್ತಿ ಬಿಡಿ. ಒತ್ತಿಹಿಡಿದರೆ ಅದು ಕಾದು, ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಯಾರೂ ದಕ್ಕೆಗೆ ಜಿಗಿಯಬಾರದು, ಬೋಟನ್ನು ಕಾಲಿಂದ ತಡೆಯಲೂ ಬಾರದು.

ಬೆಳಿಗ್ಗೆ ಎಂಜಿನ್ ರೂಮಿನಲ್ಲಿ ನೋಡಬೇಕಾದ್ದರ ಪಟ್ಟಿ ಕೊಟ್ಟಿದ್ದಾರೆ. ಯಾಕೆ ನೋಡಬೇಕು ಅಂತ ಹೇಳಿಲ್ಲ. (ಬೆಲ್‌ವ್ಯೂ)

ಎಂಜಿನ್ ತಣ್ಣಗಿರುವಾಗ ಆಯಿಲ್ ಮತ್ತು ಕೂಲಂಟ್ ಮಟ್ಟ ನೋಡಿ. ಬೆಲ್ಟ್ ಕೆಳಗೆ ಕಪ್ಪು ಪುಡಿ ಬಿದ್ದಿದ್ದರೆ ಬೆಲ್ಟ್ ಸವೆಯುತ್ತಿದೆ ಎಂದರ್ಥ. ಡೀಸೆಲ್ ಫಿಲ್ಟರಿನ ಬಟ್ಟಲಿನ ತಳದಲ್ಲಿ ನೀರು ನಿಂತಿದೆಯೇ ಗಮನಿಸಿ. ಎಂಜಿನ್ ಕೆಳಗೆ ಬಿಳಿಯ ಹೀರುಹಾಸು ಹಾಸಿಟ್ಟರೆ, ಹೊಸ ಕಲೆ ಬಿದ್ದ ಜಾಗದ ನೇರಕ್ಕೆ ತಲೆಯೆತ್ತಿ ನೋಡಿದರಾಯಿತು, ಸೋರಿಕೆ ಸಿಗುತ್ತದೆ.

ಹೆಚ್ಚು ತೊಂದರೆ ಕೊಡುವುದು ಸಮುದ್ರದ ನೀರಿನ ಸ್ಟ್ರೈನರ್. ಎಂಜಿನ್ ತಂಪಾಗಲು ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಆ ನೀರಿನೊಂದಿಗೆ ಬರುವ ಪಾಚಿ, ಹುಲ್ಲು, ಅಂಬಲಿ ಮೀನು ಎಲ್ಲವೂ ಈ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ತೊಳೆಯುವ ಕ್ರಮ ಇಷ್ಟು: ಎಂಜಿನ್ ನಿಂತಿರಬೇಕು, ತಳದ ವಾಲ್ವ್ ಮುಚ್ಚಿ, ಮುಚ್ಚಳ ಬಿಚ್ಚಿ, ಜಾಲರಿ ತೊಳೆದು, ರಬ್ಬರ್ ರಿಂಗ್ ಸರಿಯಾಗಿ ಕೂರಿಸಿ ಮುಚ್ಚಿ, ವಾಲ್ವ್ ಮತ್ತೆ ತೆರೆಯಿರಿ. ಜನ ಮರೆಯುವುದು ಈ ಕೊನೆಯದನ್ನೇ. ನೀರು ಬಾರದಿದ್ದರೆ ಪಂಪಿನೊಳಗಿನ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಒಂದೆರಡು ನಿಮಿಷದಲ್ಲೇ ಸುಟ್ಟು ಹರಿಯಬಹುದು, ಅದರ ತುಂಡುಗಳು ಹೀಟ್ ಎಕ್ಸ್‌ಚೇಂಜರ್‌ಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ವಾಲ್ವ್ ಮುಚ್ಚಿದ ಕೂಡಲೇ ಎಂಜಿನ್ ಕೀಲಿಯನ್ನು ತೆಗೆದು ವಾಲ್ವಿಗೇ ನೇತುಹಾಕುವುದು ಒಳ್ಳೆಯ ಅಭ್ಯಾಸ.

ಸ್ಟಾರ್ಟ್ ಮಾಡಿದ ಮೇಲೆ ಒಬ್ಬರು ಹಿಂಬದಿಗೆ ಹೋಗಿ ಹೊಗೆ ಕೊಳವೆ ನೋಡಲಿ. ಹೊಗೆಯ ಜೊತೆ ನೀರು ಚಿಮ್ಮಬೇಕು. ಅರ್ಧ ನಿಮಿಷದಲ್ಲಿ ಬಾರದಿದ್ದರೆ ಎಂಜಿನ್ ಆರಿಸಿ. ಪ್ರಯಾಣದಲ್ಲಿ ತಾಪಮಾನದ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಅದು ಅಲ್ಲಿಂದ ಮೇಲೇರತೊಡಗಿದರೆ ಅಲಾರಾಂ ಹೊಡೆಯುವವರೆಗೆ ಕಾಯಬೇಡಿ.

ಮಗಳ ಜೊತೆ ರೊಸಾರಿಯೊ ಜಲಸಂಧಿ ದಾಟುವಾಗ ಸಾಧಾರಣ ದಕ್ಷಿಣದ ಗಾಳಿಗೇ ಬೋಟು ಕುಣಿದುಬಿಟ್ಟಿತು. ಸಂಜೆ ಅದೇ ಗಾಳಿಯಲ್ಲಿ ಹಿಂದಿರುಗಿದಾಗ ನೀರು ಎಷ್ಟೋ ಶಾಂತ. ಏನು ಕಾರಣ? (ಮಂಗಳೂರು)

ನಿಮ್ಮೂರಿನ ಅಳಿವೆ ಬಾಗಿಲನ್ನು ನೋಡಿದವರಿಗೆ ಇದು ಹೊಸತಲ್ಲ. ಇಳಿತದ ನೀರು ಹೊರಕ್ಕೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ರೊಸಾರಿಯೊದಲ್ಲಿ ಇಳಿತದ ಸೆಳೆತ ದಕ್ಷಿಣಕ್ಕೆ. ದಕ್ಷಿಣದ ಗಾಳಿ ಅದಕ್ಕೆ ಎದುರು. ಸೆಳೆತ ತಿರುಗಿ ಗಾಳಿಯ ಜೊತೆಯಲ್ಲೇ ಹರಿಯತೊಡಗಿದಾಗ ಅಲೆ ಮಲಗುತ್ತದೆ.

ಇಲ್ಲಿ ದಿನದ ಯೋಜನೆ ಶುರುವಾಗಬೇಕಾದ್ದು ಸೆಳೆತದ ಪಟ್ಟಿಯಿಂದ. ಡಿಸೆಪ್ಶನ್ ಪಾಸ್ ಎಂಬ ಇಕ್ಕಟ್ಟಾದ ಜಲಸಂಧಿಯಲ್ಲಿ ಸೆಳೆತ 8 ನಾಟ್‌ವರೆಗೂ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಹೋಗುತ್ತದೆ. ಟ್ರಾಲರ್ ಓಡುವುದೇ ಏಳೆಂಟು ನಾಟ್. ಎದುರು ಹೋದರೆ ನಿಂತಲ್ಲೇ ನಿಲ್ಲುತ್ತೀರಿ, ಜೊತೆ ಹೋದರೆ ಸುಳಿಗಳ ನಡುವೆ 15 ನಾಟ್ ವೇಗದಲ್ಲಿ ಬಂಡೆಗಳ ಪಕ್ಕ ಸಾಗುತ್ತೀರಿ. ನೀರು ನಿಂತು ತಿರುಗುವ ಹೊತ್ತಿಗೇ ದಾಟಬೇಕು.

ಆ ಹೊತ್ತನ್ನು ಉಬ್ಬರ ಇಳಿತದ ಪಟ್ಟಿಯಲ್ಲಿ ಹುಡುಕಬೇಡಿ. ಅದು ನೀರಿನ ಎತ್ತರದ ಪಟ್ಟಿ. ಪೂರ್ಣ ಉಬ್ಬರವಾದ ಕ್ಷಣಕ್ಕೇ ಸೆಳೆತ ನಿಲ್ಲುತ್ತದೆಂದು ಇಲ್ಲ, ಗಂಟೆಗೂ ಮೀರಿ ವ್ಯತ್ಯಾಸವಾಗಬಹುದು. ಅಮೆರಿಕದ ಸಾಗರ, ಹವಾಮಾನ ಸಂಸ್ಥೆ ನೋವಾ (NOAA) ಸೆಳೆತಕ್ಕೆಂದೇ ಪ್ರತ್ಯೇಕ ಮುನ್ಸೂಚನೆ ಕೊಡುತ್ತದೆ, ಅದನ್ನು ನೋಡಿ. ಅಚ್ಚಿನ ಪಟ್ಟಿಯಾದರೆ ಬೇಸಿಗೆಯಲ್ಲಿ ಇಲ್ಲಿನ ಗಡಿಯಾರವನ್ನು ಮುಂದಿಡುವ ಒಂದು ಗಂಟೆ ಸೇರಿಸಿದ್ದಾರೆಯೇ ಎಂದು ಮೊದಲ ಪುಟದಲ್ಲೇ ಖಚಿತಪಡಿಸಿಕೊಳ್ಳಿ. ಸೆಳೆತ ನಿಲ್ಲುವುದು ಬೆಳಿಗ್ಗೆ ಏಳಕ್ಕಾದರೆ ಉಪ್ಪಿಟ್ಟು ಆಮೇಲೆ. ವಾರದ ಕೊನೆಯ ರಾತ್ರಿಯಂತೂ ಅನಾಕೋರ್ಟಿಸ್‌ಗೆ ಹತ್ತಿರವೇ ತಂಗಿ. ಮಧ್ಯಾಹ್ನದೊಳಗೆ ಬೋಟು ಒಪ್ಪಿಸಬೇಕೆಂಬ ಅವಸರದಲ್ಲಿ, ಹೊರಡಬಾರದ ನೀರಿಗೆ ಹೊರಡುವವರೇ ಜಾಸ್ತಿ.

ಲಂಗರಿಗೆ ಆಳದ ಐದು ಪಟ್ಟು ಸರಪಳಿ ಬಿಡಿ ಎನ್ನುತ್ತಾರೆ. 15 ಅಡಿ ನೀರಿಗೆ 75 ಅಡಿ ಬಿಟ್ಟರೆ ಸಾಕಲ್ಲವೇ? (ಬಾತೆಲ್)

ಸಾಲದು. ಉದಾಹರಣೆಗೆ, ಸಂಜೆ ನಾಲ್ಕಕ್ಕೆ ಆಳ 15 ಅಡಿ, ಪಟ್ಟಿಯ ಪ್ರಕಾರ ಆಗಿನ ಮಟ್ಟ 2 ಅಡಿ, ರಾತ್ರಿಯ ಉಬ್ಬರ 8 ಅಡಿ ಎಂದುಕೊಳ್ಳಿ. ನೀರು ಇನ್ನೂ 6 ಅಡಿ ಏರುತ್ತದೆ. ಬೋಟಿನ ಮೂತಿ ನೀರಿಂದ 5 ಅಡಿ ಮೇಲಿರುತ್ತದೆ. 15, 6, 5 ಸೇರಿ 26 ಅಡಿ. ಐದರಿಂದ ಗುಣಿಸಿದರೆ 130. ನೀವು ಬಿಟ್ಟ 75 ಅಡಿ ನಡುರಾತ್ರಿಗೆ ಮೂರು ಪಟ್ಟೂ ಆಗುವುದಿಲ್ಲ, ಲಂಗರು ಕಿತ್ತುಕೊಂಡು ಬರಬಹುದು. ಮುಂಜಾನೆಯ ಇಳಿತ ಮೈನಸ್ 1 ಅಡಿ ಇದ್ದರೆ ಆಳ 12ಕ್ಕೆ ಬರುತ್ತದೆ. ಬೋಟಿಗೆ ಬೇಕಾದ ನೀರು ನಾಲ್ಕೂವರೆ ಅಡಿಯಾದರೆ ತಳದಡಿ ಏಳೂವರೆ ಅಡಿ ಉಳಿಯಿತು. ಆಳ ಅಳೆಯುವ ನಿಮ್ಮ ಡೆಪ್ತ್ ಸೌಂಡರ್ ತೋರಿಸುವ ಅಂಕಿ ನೀರಿನ ಮೇಲ್ಮೈಯಿಂದಲೋ, ಬೋಟಿನ ತಳದಿಂದಲೋ ಎಂದು ಬೋಟು ಪಡೆಯುವಾಗಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ.

ಲಂಗರು ಇಳಿಸಿ ಬೋಟು ನಿಧಾನವಾಗಿ ಹಿಂದೆ ಸರಿಯುತ್ತಿದ್ದಂತೆ ಸರಪಳಿ ಬಿಡಿ, ಒಂದೇ ಕಡೆ ರಾಶಿ ಸುರಿಯಬೇಡಿ. ಪೂರ್ತಿ ಬಿಟ್ಟ ಮೇಲೆ ಐಡಲ್‌ನಲ್ಲಿ ರಿವರ್ಸ್ ಹಾಕಿ, ಬಿಗಿದ ಸರಪಳಿಯ ಮೇಲೆ ಶೂ ಹಾಕಿದ ಕಾಲನ್ನು ಹಗುರವಾಗಿ ಇಡಿ. ಗಡಗಡ ನಡುಗಿದರೆ ಲಂಗರು ಜಾರುತ್ತಿದೆ. ದಡದಲ್ಲಿ ಒಂದರ ಹಿಂದೊಂದು ಕಾಣುವ ಮರ ಮತ್ತು ಬಂಡೆಯನ್ನು ಗುರುತಿಟ್ಟುಕೊಂಡು, ಅವು ಒಂದೇ ಸಾಲಿನಲ್ಲಿ ಉಳಿದಿವೆಯೇ ನೋಡುತ್ತಿರಿ. ಹುಲ್ಲಿನ ತಳದಲ್ಲಿ ಲಂಗರು ಕಚ್ಚುವುದಿಲ್ಲ, ಹುಲ್ಲೂ ಹಾಳಾಗುತ್ತದೆ. ಎತ್ತುವಾಗ ಸರಪಳಿ ಸುತ್ತುವ ಯಂತ್ರವಾದ ವಿಂಡ್‌ಲಾಸಿನಿಂದ ಬೋಟನ್ನು ಎಳೆಸಬೇಡಿ, ಎಂಜಿನ್ನಿನಲ್ಲಿ ಮೆಲ್ಲಗೆ ಮುಂದೆ ಹೋಗಿ ಸಡಿಲವಾದ ಸರಪಳಿಯನ್ನಷ್ಟೇ ಎತ್ತಿಸಿ.

ಅಪ್ಪ ಅಮ್ಮ ಜೊತೆಗೆ ಬರುತ್ತಾರೆ. ಯಾರಾದರೂ ನೀರಿಗೆ ಬಿದ್ದರೆ? (ಮೈಸೂರು)

ಬೇಸಿಗೆಯಲ್ಲೂ ಇಲ್ಲಿನ ನೀರು 10–12 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಸುಮಾರು ಹತ್ತು ನಿಮಿಷದಲ್ಲಿ ಕೈಕಾಲು ಸೋಲುತ್ತವೆ. ಈಜು ಬರುವವರೂ ಇದಕ್ಕೆ ಹೊರತಲ್ಲ. ಹಾಗಾಗಿ ಹೊರಗಿನ ಡೆಕ್ಕಿಗೆ ಕಾಲಿಡುವವರು ಯಾರೇ ಆಗಲಿ ಲೈಫ್ ಜಾಕೆಟ್ ತೊಟ್ಟಿರಬೇಕು. ಬಿದ್ದರೆ ಒಬ್ಬರು ಕೂಗಿ, ಬಿದ್ದವರ ಕಡೆ ಕೈ ತೋರಿಸುತ್ತಲೇ ನಿಲ್ಲಲಿ, ಕಣ್ಣು ತೆಗೆಯಕೂಡದು. ನಡೆಸುವವರು ನಕ್ಷೆ ತೋರಿಸುವ ಪ್ಲಾಟರಿನಲ್ಲಿ, ಬಿದ್ದ ಜಾಗ ಗುರುತಿಡುವ ಎಂಒಬಿ (ಮ್ಯಾನ್ ಓವರ್‌ಬೋರ್ಡ್) ಗುಂಡಿ ಒತ್ತಿ, ನಿಧಾನವಾಗಿ ಹತ್ತಿರ ಬಂದು ನ್ಯೂಟ್ರಲ್ ಹಾಕಿ, ಪ್ರೊಪೆಲ್ಲರ್ ನಿಂತ ಮೇಲೆಯೇ ಏಣಿ ಇಳಿಸಲಿ. ಬಿದ್ದವರು ಕಾಣದಿದ್ದರೆ ಅಥವಾ ಮೇಲೆತ್ತಲಾಗದಿದ್ದರೆ ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಮೂರು ಸಲ ಮೇಡೇ (ಅಪಾಯದ ಕರೆ), ಬೋಟಿನ ಹೆಸರು, ಇರುವ ಜಾಗ, ಆಗಿದ್ದೇನು, ಎಷ್ಟು ಜನ ಎಂದು ಹೇಳಬೇಕು. ಇದನ್ನು ಚೀಟಿಯಲ್ಲಿ ಬರೆದು ರೇಡಿಯೊ ಪಕ್ಕ ಅಂಟಿಸಿ, ಅಮ್ಮನಿಗೂ ಒಮ್ಮೆ ಓದಿಸಿ. ಎಂಜಿನ್, ಜನರೇಟರ್ ಓಡುತ್ತಿರುವಾಗ ಹಿಂಬದಿಯ ಈಜು ಕಟ್ಟೆಯ ಮೇಲೆ ಯಾರೂ ಕೂರಬಾರದು. ಅಲ್ಲಿ ಸೇರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ.

ಓರ್ಕಾ ತಿಮಿಂಗಿಲಗಳ ಹತ್ತಿರ ಹೋಗಬಹುದೇ? ಟಾಯ್ಲೆಟ್ ಟ್ಯಾಂಕನ್ನು ಸಮುದ್ರಕ್ಕೆ ಬಿಡಬಹುದೇ? (ಕರ್ಕ್‌ಲ್ಯಾಂಡ್)

ಎರಡೂ ಇಲ್ಲ. ಸದರ್ನ್ ರೆಸಿಡೆಂಟ್ ಎಂಬ ಗುಂಪಿನ ಓರ್ಕಾಗಳಿಂದ 1,000 ಗಜ ದೂರವಿರಬೇಕೆಂಬ ನಿಯಮ 2025ರ ಜನವರಿಯಿಂದ ಜಾರಿಯಲ್ಲಿದೆ. ಯಾವ ಗುಂಪಿನದೆಂದು ಗುರುತಿಸಲಾಗದಿದ್ದರೆ ಎಲ್ಲ ಓರ್ಕಾಗಳಿಗೂ ಅಷ್ಟೇ ದೂರ ಬಿಡಿ. ಈ ದ್ವೀಪಗಳ ನೀರಿಗೆ ಟಾಯ್ಲೆಟ್ ಕೊಳೆ ಬಿಡುವುದನ್ನು 2018ರಲ್ಲೇ ನಿಷೇಧಿಸಲಾಗಿದೆ. ಟ್ಯಾಂಕ್ ಮುಕ್ಕಾಲು ತುಂಬುವ ಮುಂಚೆ ಮರೀನಾದ ಪಂಪ್‌ಔಟ್‌ನಲ್ಲಿ ಖಾಲಿ ಮಾಡಿಸಿ. ಪೂರ್ತಿ ತುಂಬಿದ ಮೇಲೂ ಫ್ಲಶ್ ಒತ್ತುತ್ತಿದ್ದರೆ ಗಾಳಿ ಕೊಳವೆ ಕಟ್ಟಿಕೊಳ್ಳುತ್ತದೆ, ಆಮೇಲೆ ಪಂಪ್‌ಔಟ್ ಕೂಡ ಎಳೆಯುವುದಿಲ್ಲ.