ಸಿಎನ್‌ಸಿ ರೌಟರ್‌ನಾಗ (ಕಂಪ್ಯೂಟರ್ ನಡಸೂ ಕೊರಿಯೂ ಮಷೀನ್) ಕಟ್ಟಿಗಿ ಇನ್‌ಲೇ (ಒಂದು ಕಟ್ಟಿಗ್ಯಾಗ ಕುಳಿ ಕೊರದು ಇನ್ನೊಂದರ ತುಂಡು ಕೂಡಿಸೂದು) ಮಾಡಾಕ ಡಿಸೈನ್ ಫೈಲ್ ಎಲ್ಲಿ ಸಿಗತಾವ? ಯಾವ ಬಿಟ್ ತಗೋಬೇಕು?

ಫೈಲ್ ಹುಡುಕೂದು ಬಿಡ್ರಿ. ಆಷಾಢದಾಗ, ಧಾರವಾಡದ ಜಿಟಿಜಿಟಿ ಮಳ್ಯಾಗ, ನಾನು ಸಾಗವಾನಿ ಹಲಗಿಗೆ ಕಸೂತಿ ಗೋಪುರ ಕೂಡಿಸಾಕ ಹೋದಾಗ ಡಿಸೈನ್ ಚಲೋನ ಇತ್ತು, ಬಿಟ್ಟೂ ಹೊಸಾದು. ಕೈ ಕೊಟ್ಟದ್ದು ಹಲಗಿ.

ಗ್ವಾಡಿಗೆ ಆನಿಸಿಟ್ಟ ಹಲಗಿ ತಂಪು ಹೀರಿ ನಡುವ ಒಂದು ಮಿ.ಮೀ. ತಗ್ಗಾಗಿತ್ತು. ನಾನು ಝಡ್ ಸೊನ್ನಿ (ಮಷೀನ್ ಬಿಟ್‌ನ ಆಳ ಎಣಿಸಾಕ ಸುರು ಮಾಡೂ ಮಟ್ಟ) ಹಿಡದದ್ದು ಮೂಲ್ಯಾಗ. ಒಂದು ಮಿ.ಮೀ. ಏನು ಮಹಾ ಅನ್ನಬ್ಯಾಡ್ರಿ. ವಿ-ಬಿಟ್‌ನಾಗ (ಚೂಪು ತುದಿಯ ಬಿಟ್) ಆಳನ ಅಗಲ. 60 ಡಿಗ್ರಿ ಬಿಟ್ ಒಂದು ಮಿ.ಮೀ. ಇಳಿದ್ರ ಗೆರಿ 1.15 ಮಿ.ಮೀ. ಅಗಲ ಆಗತೈತಿ. ನನ್ನ ಗೆರಿ 1.5 ಮಿ.ಮೀ. ಅಗಲ, ಅದಕ್ಕ ಬೇಕಾದ ಆಳ 1.3. ನಡುವ ಬಿಟ್ ಇಳಿದದ್ದು ಬರೇ 0.3. ಗೆರಿ ಕೂದಲೆಳಿ ಆತು, ಬೀಟಿ ತುಂಡು ಕೂಡಲಿಲ್ಲ. ಹಟಕ್ಕ ಬಿದ್ದು ಕ್ಲಾಂಪ್ ಬಿಗದೆ. ಅಂಟು ಆರಿದ ಮ್ಯಾಲೆ ಉಜ್ಜಿದ್ರ ಮೂಲ್ಯಾಗಿನ ಗೋಪುರ ಉಳೀತು, ನಡುವಿಂದು ಹಾರಿಹೋತು. ಉಜ್ಜೂದಕ್ಕೂ ಅದ ಲೆಕ್ಕ: ಅರ್ಧ ಮಿ.ಮೀ. ಉಜ್ಜಿದ್ರ ಗೆರಿ ಸುಮಾರು 0.6 ಸಣ್ಣಾಗತೈತಿ.

ಹಂಗಾಗಿ ಹಲಗಿನ್ನ ಅದ ಮಷೀನ್ ಮ್ಯಾಲೆ, 22 ಮಿ.ಮೀ. ಸರ್ಫೇಸಿಂಗ್ ಬಿಟ್‌ನಿಂದ ಅರ್ಧರ್ಧ ಮಿ.ಮೀ. ತಗದು ಸಮ ಮಾಡ್ರಿ. ಬಿಚ್ಚದ, ಅಲ್ಲೇ ಸೊನ್ನಿ ಹಿಡೀರಿ. ಬಿಟ್ ಬದಲಿಸಿದಾಗೊಮ್ಮೆ ಮತ್ತ ಹಿಡೀರಿ. ಕೂಡಿಸೂ ತುಂಡಿಗೂ ಇದ ನೇಮ. ಕಡದ ದಿನಾನ ಅಂಟಸ್ರಿ. ಸಾಗವಾನಿಗೆ ಎಣ್ಣಿ ಭಾಳ, ಅಂಟು ಹಚ್ಚೂಕಿಂತ ಮೊದಲ ಥಿನ್ನರ್‌ನಿಂದ ಒರಸ್ರಿ.

ಅಂಕಿ ಇಷ್ಟು: ಕುಳಿಗೆ ಸ್ಟಾರ್ಟ್ ಡೆಪ್ತ್ (ಕೊರಿಯೂದು ಸುರು ಆಗೂ ಆಳ) 0, ಫ್ಲಾಟ್ ಡೆಪ್ತ್ (ಅಲ್ಲಿಂದ ಸಪಾಟ ತಳದ ತನಕ ಆಳ) 5 ಮಿ.ಮೀ. ತುಂಡಿಗೆ ಸ್ಟಾರ್ಟ್ 4, ಫ್ಲಾಟ್ 2. ತುಂಡಿನ ಡಿಸೈನ್ ಕನ್ನಡಿ ಮಾಡೂದು ಮರೀಬ್ಯಾಡ್ರಿ. ಗೋಪುರಕ್ಕ ನಡದೀತು, ಅಂಬಾರಿ ಆನಿ ತಿರುಗಿ ನಿಂತು ಕುಳಿಗೆ ಇಳಿಯೂದ ಇಲ್ಲ. ಗೆರಿ ಅಗಲ ಇದ್ದು ಕುಳಿ ಪೂರಾ 5 ಮಿ.ಮೀ. ಇಳಿದಲ್ಲಿ ತಳದಾಗ ಉಳಿಯೂ 1 ಮಿ.ಮೀ. ಅಂಟಿಗೆ. ಸ್ಟಾರ್ಟ್ 5 ಕೊಟ್ರ ಅಂಟಿಗೆ ಜಾಗ ಸಿಗದ ಅದು ತುಂಡನ್ನ ಎತ್ತಿ ಹಿಡೀತೈತಿ, ಅಂಚು ಬಾಯಿ ಬಿಡತೈತಿ. ಮ್ಯಾಲಿನ 2 ಮಿ.ಮೀ., ಅಂಟು ಆರಿದ ಮ್ಯಾಲೆ ತುಂಡಿನ ಬೆನ್ನು ಕೊಯ್ಯೂ ಗರಗಸ ಹಾಯಾಕ.

ಇನ್ನ ಡಿಸೈನ್. ಮನ್ಯಾಗ ಅವ್ವನ ಇಳಕಲ್ ಸೀರಿ ಇಲ್ಲೇನ್ರಿ? ಕಸೂತಿ ಎಳಿ ಎಣಿಸಿ ಹಾಕೂದು. ಗೆರಿ ಅಡ್ಡ, ಉದ್ದ, ಓರಿ ಅಷ್ಟ. ಒಂದು ಹೊಲಿಗಿಗೆ 4 ಮಿ.ಮೀ. ಹಿಡದು ಗ್ರಾಫ್ ಹಾಳ್ಯಾಗ ಎಣಿಸಿ ಬಿಡಿಸ್ರಿ, ಆಮ್ಯಾಲೆ ಇಂಕ್‌ಸ್ಕೇಪ್‌ನಾಗ (ಚಿತ್ರ ಬಿಡಿಸೂ ಸಾಫ್ಟ್‌ವೇರ್) ಗ್ರಿಡ್ ಹಾಕಿ ತಿದ್ರಿ. ಫೋಟೋ ಟ್ರೇಸ್ ಮಾಡಬ್ಯಾಡ್ರಿ, ಒಂದೊಂದು ಗೆರಿಗೆ ನೂರಾರು ನೋಡ್ (ಗೆರಿ ತಿರುಗೂ ಚುಕ್ಕಿ) ಬಂದು ಅಂಚು ಹಲ್ಲು ಹಲ್ಲು ಆಗತೈತಿ. ಸ್ಟ್ರೋಕ್ ಟು ಪಾತ್ ಮಾಡಿ (ಗೆರಿ ಅಗಲ ಇರೂ ಆಕಾರ ಆಗತೈತಿ) ಯೂನಿಯನ್ ಕೊಡ್ರಿ (ಎಲ್ಲಾ ಕೂಡಿ ಒಂದ ಆಕಾರ ಆಗತೈತಿ), ಇಲ್ಲಾಂದ್ರ ಗೆರಿ ಕೂಡೂ ಕಡೆ ಬಿಟ್ ಎರಡು ಸಲ ಹಾಯತೈತಿ. ಕಸೂತಿ ಹೊಲಿಗ್ಯಾಗ ಗವಂತಿ (ಗೆರಿ ಹೊಲಿಗಿ), ಮುರ್ಗಿ (ಮೆಟ್ಟಲಿನಂಗ ಅಂಕುಡೊಂಕು) ಚಲೋ ಬರತಾವ. ಮೆಂತಿ ಬ್ಯಾಡ, ಗುಣಾಕಾರದ ನಡುವಿನ ಸಣ್ಣ ಮೂಲಿ ಚೂರಾಗಿ ಹಾರತಾವ.

ಮೊದಲು ಒಂದ ಗೋಪುರಾನ ರದ್ದಿ ತುಂಡಿನಾಗ ಕೂಡಿಸಿ, ಆರಿದ ಮ್ಯಾಲೆ ಅಡ್ಡ ಕೊಯ್ದು ನೋಡ್ರಿ. ಕುಳಿ ಪೂರಾ ಆಳ ಇದ್ದಲ್ಲಿ ತಳದಾಗ ಸಂದು ಕಂಡು, ಬದಿಗೆ ಎಲ್ಲೂ ಕಾಣದಿದ್ರ ಅಂಕಿ ಸರಿ ಅದಾವ.