ಹುಬ್ಬಳ್ಳಿಯಲ್ಲಿ ಕೂತು ಲಂಕಾವಿಯ ದೋಣಿ ಮಾರುವುದು ಹೇಗೆ?

ಪ್ರಶ್ನೆ: ನಮ್ಮ ಅಣ್ಣ ಮರ್ಚಂಟ್ ನೇವಿಯಲ್ಲಿ ಚೀಫ್ ಎಂಜಿನಿಯರ್ ಆಗಿದ್ದವರು. ನಿವೃತ್ತಿ ಆದ ಮೇಲೆ ಮಲೇಷ್ಯಾದ ಲಂಕಾವಿಯಲ್ಲಿ 38 ಅಡಿಯ ಹಳೆಯ ಕ್ಯಾಟಮರಾನ್, ಅಂದರೆ ಅಕ್ಕಪಕ್ಕ ಎರಡು ಒಡಲಿರುವ ಹಾಯಿದೋಣಿ ಕೊಂಡು, ಅತ್ತಿಗೆ ಜೊತೆ ಅದರಲ್ಲೇ ಸಂಸಾರ ಮಾಡಿಕೊಂಡಿದ್ದರು. ಈಗ ಅತ್ತಿಗೆಗೆ ಮಂಡಿ ನೋವು, ಇಬ್ಬರೂ ಧಾರವಾಡಕ್ಕೆ ಬಂದುಬಿಟ್ಟಿದ್ದಾರೆ. ದೋಣಿ ಅಲ್ಲೇ ನಿಂತಿದೆ, ತಿಂಗಳು ತಿಂಗಳು ಬಾಡಿಗೆ ಹೋಗುತ್ತಿದೆ. ಸೋಲಾರ್, ಸಮುದ್ರದ ನೀರು ಸಿಹಿ ಮಾಡುವ ಮಷಿನ್ ಅಂತ ಅಣ್ಣ ತುಂಬಾ ದುಡ್ಡು ಸುರಿದಿದ್ದಾರೆ, ಅಷ್ಟೂ ವಾಪಸ್ ಬರಬೇಕು ಅನ್ನುತ್ತಾರೆ. ಕಾರವಾರಕ್ಕೋ ಗೋವಾಕ್ಕೋ ತಂದು ಮಾರಿದರೆ ಹತ್ತಿರ ಆಗುತ್ತದೆ ಅನ್ನುವುದು ಅವರ ಲೆಕ್ಕ. ಅವರು ಬರೆದ ಜಾಹೀರಾತನ್ನೂ ಕಳಿಸಿದ್ದೇನೆ. ಏನು ಮಾಡೋಣ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲನೇ ಮಾತು, ಇಲ್ಲಿಗೆ ತರಬೇಡಿ ಮೇಡಂ. ಅರಬೈಲ್ ಘಾಟ್ ಇಳಿದರೆ ಕಾರವಾರ ನಮಗೆ ಹತ್ತಿರ, ನಿಜ. ಆದರೆ ದೋಣಿ ಕೊಳ್ಳುವವರು ಹುಬ್ಬಳ್ಳಿಯಲ್ಲಿ ಇಲ್ಲವಲ್ಲ. ಲಂಕಾವಿಯಿಂದ ಶ್ರೀಲಂಕಾ ಸುತ್ತಿ ಕಾರವಾರಕ್ಕೆ ಬರಲು ಸಾವಿರದ ಐನೂರು ನಾಟಿಕಲ್ ಮೈಲಿಗೂ ಜಾಸ್ತಿ. ಸಿಬ್ಬಂದಿ, ಡೀಸೆಲ್, ವಿಮೆ ಎಲ್ಲ ನಿಮ್ಮ ತಲೆ ಮೇಲೆ. ಬಂದ ಮೇಲೆ ಇಲ್ಲಿಯವರಿಗೆ ಮಾರಬೇಕೆಂದರೆ ಅದು ಆಮದು. ಕಸ್ಟಮ್ಸ್ ಸುಂಕ ಒಂದು ಕಡೆ, ಅದರ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಯಾಟ್‌ಗಳಿಗೆ, ಅಂದರೆ ಇಂಥ ವಿಹಾರದ ದೋಣಿಗಳಿಗೆ, ಜಿಎಸ್‌ಟಿ ಶೇ 40. ಇಷ್ಟೆಲ್ಲ ಕಟ್ಟಿ ಹಳೆಯ ದೋಣಿ ಕೊಳ್ಳುವವರನ್ನು ಹುಡುಕುವಷ್ಟರಲ್ಲಿ ಎರಡು ಮಳೆಗಾಲ ಕಳೆದಿರುತ್ತದೆ. ಲಂಕಾವಿ ಸುಂಕವಿಲ್ಲದ ದ್ವೀಪ. ಪಕ್ಕದಲ್ಲೇ ಥಾಯ್ಲೆಂಡಿನ ಫುಕೆಟ್ ಇದೆ. ದೋಣಿಯಲ್ಲೇ ಬದುಕುವ ಯುರೋಪ್, ಆಸ್ಟ್ರೇಲಿಯಾದ ಜನ ಹಳೆಯ ದೋಣಿ ಹುಡುಕಿಕೊಂಡು ಬರುವುದೇ ಆ ಕಡೆಗೆ. ಅಣ್ಣಾವ್ರ ದೋಣಿ ನಿಂತಿರುವುದು ಸರಿಯಾದ ಸಂತೆಯಲ್ಲೇ.

ಇನ್ನು ಜಾಹೀರಾತು. "ಮಗುವಿನಂತೆ ನೋಡಿಕೊಂಡ ದೋಣಿ, ಎಲ್ಲ ಸೌಕರ್ಯ ಇದೆ, ನೋಡಿದವರು ಬಿಡಲಾರರು, ಬೆಲೆ ಮಾತಾಡೋಣ" ಅಂತ ಬರೆದಿದ್ದಾರೆ. ಇದರಲ್ಲಿ ಕೊಳ್ಳುವವನಿಗೆ ಬೇಕಾದ ಒಂದು ಮಾತೂ ಇಲ್ಲ. ಯಾವ ಕಂಪನಿಯ ಯಾವ ಮಾಡೆಲ್, ಯಾವ ವರ್ಷದ್ದು? ಎರಡು ಎಂಜಿನ್‌ಗಳು ತಲಾ ಎಷ್ಟು ಗಂಟೆ ಓಡಿವೆ? ಹಾಯಿಗಳು ಯಾವ ವರ್ಷದವು? ಹಾಯಿಕಂಬ ಹಿಡಿದಿಟ್ಟಿರುವ ಸ್ಟೀಲ್ ತಂತಿಗಳನ್ನು ಬದಲಿಸಿದ್ದು ಯಾವಾಗ? ಈ ತಂತಿಗಳಿಗೆ ರಿಗ್ಗಿಂಗ್ ಅನ್ನುತ್ತಾರೆ, ಅಣ್ಣಾವ್ರಿಗೆ ಗೊತ್ತೇ ಇರುತ್ತದೆ. ಸುಮಾರು ಹತ್ತು ವರ್ಷ ದಾಟಿದರೆ ಎಷ್ಟೋ ವಿಮೆ ಕಂಪನಿಗಳು ತಕರಾರು ತೆಗೆಯುತ್ತವೆ. ಅದು ಹಳೆಯದಾಗಿದ್ದರೆ ಜಾಹೀರಾತಿನಲ್ಲೇ ಹಾಗಂತ ಬರೆದು, ಬೆಲೆಯಲ್ಲಿ ಮೊದಲೇ ಇಳಿಸಿಬಿಡಿ. ಮುಚ್ಚಿಟ್ಟರೆ ಆಮೇಲೆ ಚೌಕಾಸಿಯಲ್ಲಿ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ.

ಯಾಕೆಂದರೆ ಕೊಳ್ಳುವವನ ಪರವಾಗಿ ದೋಣಿ ಪರೀಕ್ಷೆ ಮಾಡುವ ಸರ್ವೆಯರ್ ಬಂದೇ ಬರುತ್ತಾನೆ. ಹಾವೇರಿ ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರಲ್ಲ, ಇವನ ಕೆಲಸವೂ ಅದೇ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಚಿಕ್ಕ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿಯುತ್ತಾ ಹೋಗುತ್ತಾನೆ. ಫೈಬರ್ ಪದರ ಬಿಟ್ಟುಕೊಂಡಿದ್ದರೆ ಆ ಜಾಗದಲ್ಲಿ ಸದ್ದು ಮಂದ ಆಗುತ್ತದೆ. ಪದರಗಳ ನಡುವಿನ ತಿರುಳಿಗೆ ನೀರು ಇಳಿದಿದೆಯಾ ಅಂತ ತೇವದ ಮೀಟರ್ ಇಟ್ಟು ನೋಡುತ್ತಾನೆ. ಎಂಜಿನ್‌ನಿಂದ ಪ್ರೊಪೆಲ್ಲರ್‌ಗೆ ಹೋಗುವ ಸೇಲ್‌ಡ್ರೈವ್ ಇದ್ದರೆ, ಅದರ ರಬ್ಬರ್ ಸೀಲ್ ಯಾವ ವರ್ಷದ್ದು ಅಂತ ಕೇಳುತ್ತಾನೆ, ಬಿಲ್ ತೋರಿಸಿ ಅನ್ನುತ್ತಾನೆ. ಕ್ಯಾಟಮರಾನ್‌ನಲ್ಲಿ ಎರಡು ಎಂಜಿನ್ ಅಲ್ವಾ, ಖರ್ಚೂ ಎರಡೆರಡು, ಕೊಳ್ಳುವವನ ಅನುಮಾನವೂ ಎರಡೆರಡು. ಸಾಮಾನ್ಯವಾಗಿ ಸರ್ವೆಯ ಖರ್ಚು, ದೋಣಿ ಎತ್ತಿಸುವ ಖರ್ಚು ಕೊಳ್ಳುವವನದು. ಸರ್ವೆ ಒಪ್ಪಿಗೆಯಾದರೆ ಮಾತ್ರ ಅನ್ನುವ ಷರತ್ತಿನ ಮೇಲೆ ಬೆಲೆಯ ಶೇ 10ರಷ್ಟು ಮುಂಗಡವನ್ನು ಬ್ರೋಕರ್ ಹತ್ತಿರ ಇಡುತ್ತಾನೆ. ಬ್ರೋಕರ್ ಕಮಿಷನ್ನೂ ಶೇ 10ರ ಆಸುಪಾಸು, ಅದು ನಿಮ್ಮ ಕಡೆಯಿಂದ. ಜಾಸ್ತಿ ಅನಿಸಬಹುದು. ಆದರೆ ನೀವು ಇಲ್ಲಿ, ದೋಣಿ ಅಲ್ಲಿ. ಬಂದವರಿಗೆ ಬಾಗಿಲು ತೆರೆದು ತೋರಿಸಲು, ಎಂಜಿನ್ ಚಾಲೂ ಮಾಡಲು ಯಾರಾದರೂ ಬೇಕಲ್ಲ?

ಅಣ್ಣಾವ್ರು ಎಂಜಿನಿಯರ್, ಹಾಗಾಗಿ ಪ್ರತಿ ಆಯಿಲ್ ಬದಲಾವಣೆಯನ್ನೂ ಒಂದು ಡೈರಿಯಲ್ಲಿ ಬರೆದಿಟ್ಟಿರುತ್ತಾರೆ ಅಂತ ನನ್ನ ಊಹೆ. ಆ ಡೈರಿ, ಬಿಲ್ಲುಗಳು, ಮ್ಯಾನುಯಲ್‌ಗಳು ಸೋಲಾರ್ ಪ್ಯಾನೆಲ್‌ಗಿಂತ ಬೆಲೆಯುಳ್ಳವು. ಎಲ್ಲ ಸ್ಕ್ಯಾನ್ ಮಾಡಿ ಇಡಿ. ಮಾಲೀಕತ್ವದ ಪತ್ರ, ನೋಂದಣಿ, ಸಾಲ ಇಲ್ಲ ಅನ್ನುವ ದಾಖಲೆ, ಹಿಂದಿನ ಮಾಲೀಕರಿಂದ ಬಂದ ಬಿಲ್ ಆಫ್ ಸೇಲ್, ಇವಂತೂ ಮೊದಲೇ ಕೈಯಲ್ಲಿರಬೇಕು. ಯುರೋಪಿನವರು ಬಂದರೆ ಅಲ್ಲಿಯ ತೆರಿಗೆ ವ್ಯಾಟ್ ಕಟ್ಟಿದ್ದಕ್ಕೆ ಪುರಾವೆ ಕೇಳುತ್ತಾರೆ. ಅದೂ ಇದ್ದರೆ ತೆಗೆದಿಡಿ.

ಹಾಕಿದ ದುಡ್ಡು ವಾಪಸ್ ಬರಬೇಕು ಅನ್ನುವ ವಿಷಯ. ಬರುವುದಿಲ್ಲ. ಇದನ್ನು ಅಣ್ಣಾವ್ರಿಗೆ ನೀವೇ ಹೇಳಬೇಕು, ತಂಗಿ ಹೇಳಿದರೆ ಕೇಳುತ್ತಾರೇನೋ. ಸೋಲಾರ್, ನೀರಿನ ಮಷಿನ್, ಒಳ್ಳೆಯ ಬ್ಯಾಟರಿ ಇದ್ದರೆ ದೋಣಿ ಬೇಗ ಹೋಗುತ್ತದೆ, ಯಾಕೆಂದರೆ ಅದರಲ್ಲೇ ಮನೆ ಮಾಡುವವನು ಮೊದಲು ಕೇಳುವುದು ಕರೆಂಟು ಮತ್ತು ನೀರು. ಆದರೆ ಹಾಕಿದ ಪ್ರತಿ ರೂಪಾಯಿಯೂ ಬೆಲೆಗೆ ಸೇರುವುದಿಲ್ಲ. ಅದೇ ಮಾಡೆಲ್, ಅದೇ ವರ್ಷದ ದೋಣಿಗಳಿಗೆ ಈಗ ಏನು ಕೇಳುತ್ತಿದ್ದಾರೆ ನೋಡಿ, ಮಾರಾಟ ಆಗುವುದು ಅದಕ್ಕಿಂತ ಕೆಳಗೆ ಅಂತ ತಿಳಿದುಕೊಂಡು ಬೆಲೆ ಇಡಿ. ಎರಡು ಒಡಲುಗಳಲ್ಲಿ ಒಂದು, ಇದಕ್ಕೆ ಹಲ್ ಅನ್ನುತ್ತಾರೆ, ಪೂರ್ತಿ ಮಾಲೀಕರಿಗೇ ಇರುವ ಮೂರು ಕೋಣೆಯ ದೋಣಿಯಾದರೆ ಅದನ್ನು ಜಾಹೀರಾತಿನ ಮೊದಲ ಸಾಲಿನಲ್ಲೇ ಹೇಳಿ. ಚಾರ್ಟರ್‌ಗೆ, ಅಂದರೆ ಪ್ರವಾಸಿಗರ ಬಾಡಿಗೆಗೆ, ಓಡಿದ ನಾಲ್ಕು ಕೋಣೆಯದಕ್ಕಿಂತ ಸಂಸಾರ ಹೂಡುವವರಿಗೆ ಅದೇ ಇಷ್ಟ. ನೀರಿನ ಮಷಿನ್ ಬಳಸದೆ ಬಿಟ್ಟರೆ ಒಳಗಿನ ಪೊರೆ ಕೆಡುತ್ತದೆ. ಸರಿಯಾಗಿ ಔಷಧಿ ಹಾಕಿ ಇಟ್ಟಿದ್ದಾರಾ ಕೇಳಿ.

ಹೀಗೆ ಸುಮ್ನೆ ನಿಂತ ದೋಣಿ ಬಳಸುವ ದೋಣಿಗಿಂತ ಬೇಗ ಹಾಳಾಗುತ್ತದೆ. ಆ ಸೆಕೆಗೆ ಒಳಗೆಲ್ಲ ಬೂಸ್ಟು ಹಿಡಿಯುತ್ತದೆ, ತಳಕ್ಕೆ ಚಿಪ್ಪು ಮೆತ್ತುತ್ತದೆ, ಲೋಹ ಸವೆಯದಂತೆ ಕಾಯುವ ಜಿಂಕ್ ತುಂಡುಗಳು ಕರಗಿ ಹೋಗುತ್ತವೆ. ಗಾಳಿಯಾಡಿಸಿ, ಎಂಜಿನ್ ಓಡಿಸಲು ಅಲ್ಲಿಯೇ ಒಬ್ಬರನ್ನು ಗೊತ್ತುಮಾಡಿ. ಫೋಟೋ ತೆಗೆಸುವ ಮುಂಚೆ ಅತ್ತಿಗೆಯವರ ಉಪ್ಪಿನಕಾಯಿ ಭರಣಿ, ಒಣಹಾಕಿದ ಬಟ್ಟೆ, ದೇವರ ಪಟ ಎಲ್ಲ ತೆಗೆಸಿ. ಎಂಜಿನ್ ಕೋಣೆಯ ಫೋಟೋ ಮಾತ್ರ ಮರೆಯಬೇಡಿ. ಆ ಕಡೆ ಒಣ ಹವೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಸೆಪ್ಟೆಂಬರ್, ಅಕ್ಟೋಬರ್‌ಗೆ ಜಾಹೀರಾತು ಹೊರಬಿದ್ದಿರಲಿ.

ಇನ್ನೊಂದು, ಬಹಳ ಜನ ಮರೆಯುವುದು. ಅಣ್ಣಾವ್ರು ಈಗ ಇಲ್ಲಿಯ ನಿವಾಸಿ ಅಂತ ಲೆಕ್ಕವಾದರೆ, ಹೊರದೇಶದ ಆ ದೋಣಿಯನ್ನು ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿ ಭಾಗದಲ್ಲಿ, ಶೆಡ್ಯೂಲ್ ಎಫ್‌ಎ ಅನ್ನುತ್ತಾರೆ, ತೋರಿಸಬೇಕಾಗಬಹುದು. ತೋರಿಸಬೇಕಾದ್ದನ್ನು ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷದ ದಂಡವಿದೆ. ಮಾರಿದ ಹಣ ಬ್ಯಾಂಕಿಗೆ ಬರುವ ಮುಂಚೆಯೇ ಒಬ್ಬ ಸಿಎ ಹತ್ತಿರ ಹೋಗಿ ಬನ್ನಿ.

ಪ್ರಶ್ನೆ: ಫ್ಲ್ಯಾಟ್ ಕೊಳ್ಳುವ ಬದಲು ಇಂಥ ದೋಣಿ ಕೊಂಡು ಗೋವಾದಲ್ಲಿ ನಿಲ್ಲಿಸಿ, ಅಲ್ಲಿಂದಲೇ ವರ್ಕ್ ಫ್ರಂ ಹೋಂ ಮಾಡಿದರೆ ಅಗ್ಗ ಆಗುವುದಿಲ್ಲವೇ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಆಗುವುದಿಲ್ಲ. ದೋಣಿಗೆ ಹಾಕಿದ ಬೆಲೆಯ ಶೇ 10ರಷ್ಟು ಪ್ರತಿ ವರ್ಷ ರಿಪೇರಿಗೆ, ನಿಲುಗಡೆಗೆ, ವಿಮೆಗೆ ಎತ್ತಿಡಿ ಅನ್ನುವುದು ದೋಣಿಯವರ ಹಳೆಯ ಲೆಕ್ಕ. 38 ಅಡಿಯದ್ದು ಅಗಲದಲ್ಲೇ ಆರೂವರೆ ಮೀಟರ್ ಬರುತ್ತದೆ, ಹಾಗಾಗಿ ದೋಣಿ ನಿಲ್ಲಿಸುವ ಮರೀನಾದಲ್ಲಿ ಒಂದೇ ಹಲ್‌ನ ದೋಣಿಗಿಂತ ಜಾಸ್ತಿ ಬಾಡಿಗೆ ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯ ಕಡಲು ಹೇಗಿರುತ್ತದೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ, ಆಮೇಲೆ ಝೂಮ್ ಮೀಟಿಂಗ್ ಬಗ್ಗೆ ಮಾತಾಡೋಣ. ಗೃಹಸಾಲವೂ ಸಿಗದು. ಹಾಗಂತ ಆಸೆ ಬಿಡಿ ಅನ್ನುತ್ತಿಲ್ಲ. ಲಂಗರು ಹಾಕಿ ನಿಂತಾಗ ಕ್ಯಾಟಮರಾನ್ ಒಂದು ಹಲ್‌ನ ದೋಣಿಯಷ್ಟು ಹೊಯ್ದಾಡುವುದಿಲ್ಲ, ಜೋಳದ ರೊಟ್ಟಿ ಬಡಿಯುವಷ್ಟು ಜಾಗವೂ ಇರುತ್ತದೆ. ಮೊದಲು ಗೋವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವಾಟರ್ ಸ್ಪೋರ್ಟ್ಸ್‌ನಲ್ಲಿ ವಿಚಾರಿಸಿ, ಹಾಯಿ ಕಲಿಯಿರಿ. ಒಂದು ವಾರ ಬಾಡಿಗೆ ದೋಣಿಯಲ್ಲಿ ಇದ್ದು ನೋಡಿ. ಮನೆಯವರನ್ನೂ ಕರೆದುಕೊಂಡು ಹೋಗಿ, ತೀರ್ಮಾನ ಅವರದ್ದೇ ಆಗುತ್ತದೆ.

ಪ್ರಶ್ನೆ: ಎರಡು ಹಲ್ ಇರುವ ದೋಣಿ ಮಗುಚುವುದೇ ಇಲ್ಲ ಅನ್ನುತ್ತಾರೆ, ಹೌದಾ?
— ಓದುಗರು, ರಾಣೆಬೆನ್ನೂರು

ಉತ್ತರ: ಅಗಲ ಜಾಸ್ತಿ ಇರುವುದರಿಂದ ಸುಲಭಕ್ಕೆ ಮಗುಚದು. ಆದರೆ ಮಗುಚಿತು ಅಂದರೆ ತಾನಾಗಿ ಎದ್ದು ನಿಲ್ಲದು. ಒಂದೇ ಹಲ್‌ನ ಹಾಯಿದೋಣಿಯ ತಳದಲ್ಲಿ ಭಾರದ ಕೀಲ್ ಇರುತ್ತದೆ, ಅದು ಸಾಮಾನ್ಯವಾಗಿ ಎಳೆದು ನೆಟ್ಟಗೆ ಮಾಡುತ್ತದೆ. ಕ್ಯಾಟಮರಾನ್‌ಗೆ ಆ ಭಾರ ಇಲ್ಲ. ಮಗುಚಿದರೂ ಬಹುತೇಕ ತೇಲುತ್ತಲೇ ಇರುತ್ತದೆ, ಅದಕ್ಕೇ ಎಷ್ಟೋ ಮಾಡೆಲ್‌ಗಳಲ್ಲಿ ಹಲ್‌ನ ಬದಿಗೆ ಹೊರಬರುವ ಕಿಂಡಿ ಇಟ್ಟಿರುತ್ತಾರೆ. ಗಾಳಿ ಜೋರಾಗುವ ಮುಂಚೆಯೇ ಹಾಯಿ ಚಿಕ್ಕದು ಮಾಡುವುದು ಅಭ್ಯಾಸ ಆಗಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ 40 ಅಡಿಯ ಕ್ಯಾಟಮರಾನ್ 12 ಲಕ್ಷಕ್ಕೆ ಇದೆ. ಟೋಕನ್ 50 ಸಾವಿರ ಇವತ್ತೇ ಹಾಕಿ ಅನ್ನುತ್ತಿದ್ದಾರೆ. ಹಾಕಲೇ?
— ಓದುಗರು, ಗದಗ

ಉತ್ತರ: ಒಂದು ರೂಪಾಯಿಯನ್ನೂ ಹಾಕಬೇಡಿ. ಅಷ್ಟು ದೊಡ್ಡ ದೋಣಿಗೆ ಎರಡು ಹೊಸ ಡೀಸೆಲ್ ಎಂಜಿನ್ ಕೂರಿಸಿದರೇ 12 ಲಕ್ಷ ದಾಟುತ್ತದೆ. ಹಲ್ ಮೇಲೆ ಅಚ್ಚೊತ್ತಿದ ಗುರುತಿನ ಸಂಖ್ಯೆ ಮತ್ತು ನೋಂದಣಿ ಪತ್ರವನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿ ಅನ್ನಿ, ನಮ್ಮ ಕಡೆಯ ಸರ್ವೆಯರ್ ಬಂದು ನೋಡುತ್ತಾರೆ ಅನ್ನಿ. ಅಲ್ಲಿಗೇ ಫೋನ್ ಎತ್ತುವುದು ಬಿಡುತ್ತಾರೆ. ಈಗಾಗಲೇ ಹಾಕಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ.